ಹಲ್ಲು ಕಡಿಯುವ ಲಾರಿ

ನನಗೆ ಕಿವಿ ಕೇಳಿಸುವುದಿಲ್ಲ ಎಂದು ಈ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ನಂಬಿಸಿದವಳು ನಾನೇ. ಕಿವುಡಿಯ ಮುಂದೆ ಜನ ಎಷ್ಟು ರುಚಿಯಾದ ಮಾತಾಡುತ್ತಾರೆ ಎಂಬುದು ಕಿವುಡಿನ ವೇಷ ಹಾಕಿದವರಿಗೇ ಗೊತ್ತು. ಸೊಸೆ ಸಾರಿನ ಪಾತ್ರೆಯನ್ನು ಕೆಳಗಿಟ್ಟ ಸದ್ದಿನಲ್ಲೇ ಅವಳಿಗೆ ಇವತ್ತು ಯಾರ ಮೇಲೆ ಸಿಟ್ಟು ಎಂದು ಹೇಳಬಲ್ಲೆ. ಇಂಥ ಕಿವಿ ಸುಮ್ಮನೆ ಬರುವುದಿಲ್ಲ. ಕಣ್ಣಿಗೆ ಏನನ್ನೂ ಕೊಡದೆ ಮನುಷ್ಯರನ್ನು ಕೂಡಿಹಾಕಿದರೆ ಬರುತ್ತದೆ. ನನ್ನನ್ನು ಹಾಗೆ ಕೂಡಿಹಾಕಿದ್ದರು. ಒಳಗೆ ಕೂತೇ ನಾನು ಒಂದು ಲಾರಿಯ ರೋಗ ಕಂಡುಹಿಡಿದೆ. ಮೂರು ಊರಿನ ಗಂಡಸರು ಅದರ ಕೆಳಗೆ ಮಲಗಿ ಎದ್ದು ಮೈಯೆಲ್ಲ ಮಸಿ ಮಾಡಿಕೊಂಡರೂ ಅವರಿಗೆ ಸಿಕ್ಕಿರಲಿಲ್ಲ. ಜಂಬ ಅನ್ನುವವರು ಅನ್ನಲಿ. ನನಗೆ ಕೇಳಿಸುವುದಿಲ್ಲವಲ್ಲ.

ನಮ್ಮ ಮನೆ ಬಂಗಾರಪೇಟೆಯಲ್ಲಿ, ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದರು, ಕಾಮಸಮುದ್ರದ ರಸ್ತೆಗೆ ಬೆನ್ನು ಹಾಕಿ ನಿಂತಿತ್ತು. ಮುಂದೆ ಜಗುಲಿ, ನಡುವೆ ಒಂದು ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ಪಕ್ಕದಲ್ಲಿ ಮೊದಲು ಎಮ್ಮೆಗಳ ಕೊಟ್ಟಿಗೆ ಇತ್ತು. ಅಪ್ಪ ಎಮ್ಮೆಗಳನ್ನು ಮಾರಿ, ಕೊಟ್ಟಿಗೆಗೆ ತಗಡು ಹೊದಿಸಿ ಅಲ್ಲಿ ಲಾರಿ ಕಟ್ಟಿದ. ನಿಲ್ಲಿಸಿದ ಅಲ್ಲ, ಕಟ್ಟಿದ. ಗೊಂತಿನ ಗೂಟಕ್ಕೆ ಸರಪಳಿ ಬಿಗಿದು ಮುಂದಿನ ಕೊಂಡಿಗೆ ಹಾಕುತ್ತಿದ್ದ. ಕಾಮಸಮುದ್ರದ ಕಡೆಯ ಕಾಡಿನಿಂದ ಮರದ ದಿಮ್ಮಿ ತುಂಬಿ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಗೆ ಒಯ್ಯುವುದು ಅವನ ಕೆಲಸ. ನೆಲದೊಳಗೆ ಗಣಿಯ ಸೂರು ಕುಸಿಯದ ಹಾಗೆ ಊರೆ ಕೊಡಲು ಆ ದಿಮ್ಮಿ ಬೇಕು. ಎಮ್ಮೆಗಳನ್ನು ಕಳೆದುಕೊಂಡ ಅಜ್ಜಿ, ಅಂದರೆ ಅಪ್ಪನ ಅವ್ವ, ಲಾರಿಯನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಹಾಗಂತ ಶುಕ್ರವಾರ ಅದರ ಮೂತಿಗೆ ಅರಿಸಿನ ಕುಂಕುಮ ಹಚ್ಚುವುದನ್ನೂ ಬಿಡಲಿಲ್ಲ. ನಮ್ಮ ಊಟವೂ ಲಾರಿಯದೇ ಲೆಕ್ಕ. ರೈಲ್ವೆ ಗೇಟಿನ ಏರಿನಲ್ಲಿ ಅದು ಸೆಕೆಂಡ್ ಗೇರಿಗೆ ಇಳಿದ ಗುರುಗುಟ್ಟು ಕೇಳಿದರೆ ಅಮ್ಮ ಮುದ್ದೆಗೆ ಎಸರಿಡುತ್ತಿದ್ದಳು. ಅಪ್ಪ ಕೈ ತೊಳೆದು ಕೂರುವಾಗ ಮುದ್ದೆ ಬಿಸಿ ಇರುತ್ತಿತ್ತು.

ನಾನು ಮಲಗುತ್ತಿದ್ದದ್ದು ಲಾರಿಯ ಗೋಡೆಗೆ ತಲೆ ಕೊಟ್ಟು. ಆ ಕಡೆ ಲಾರಿ, ಈ ಕಡೆ ಅಜ್ಜಿಯ ಬೀಸುವ ಕಲ್ಲು. ಕಲ್ಲು ಬರಿದೇ ತಿರುಗುವ ಸದ್ದು ಬೇರೆ, ರಾಗಿ ಬಿದ್ದಾಗಿನ ಸದ್ದು ಬೇರೆ, ಕಲ್ಲಿನ ಕಚ್ಚು ಸವೆದಿದ್ದರೆ ರಾಗಿ ಬಿದ್ದಾಗ ಮಾತ್ರ ಬರುವ ನರಳಾಟ ಬೇರೆ. ಇದನ್ನೆಲ್ಲ ಅಜ್ಜಿ ಕಲಿಸಿದಳು. ಗೇರಿನ ವಿಷಯ ಅಪ್ಪ ಕಲಿಸಿದ, ಅದೂ ಉಣ್ಣುವಾಗ. ಎರಡು ಕಂಚಿನ ತಟ್ಟೆ ಒಂದರ ಮೇಲೊಂದು ಬೋರಲು ಹಾಕಿ, ಕೆಳಗಿನದನ್ನು ತಿರುಗಿಸಿದರೆ ಮೇಲಿನದೂ ತಿರುಗುತ್ತಿತ್ತು. ಮೇಲಿನದನ್ನು ಕೊಂಚ ಎತ್ತಿದರೆ ನಿಲ್ಲುತ್ತಿತ್ತು.

"ಇದೇ ಕಣಮ್ಮಿ ಕ್ಲಚ್ಚು. ಪೆಡಲ್ ತುಳುದ್ರೆ ತಟ್ಟೆ ತಟ್ಟೆ ಬಿಟ್ಕಂತವೆ. ಬಿಟ್ಕಂಡಾಗ ಗೇರ್ ಆಕ್ಬೇಕು. ಬಿಟ್ಕಣದೆ ಆಕುದ್ರೆ ಹಲ್ಲು ಹಲ್ಲು ಕಚ್ಚಾಡ್ತವೆ."

"ನೀನೂ ಅಮ್ಮನೂ ಕಚ್ಚಾಡ್ದಂಗಾ?"

ಅಮ್ಮ ಸೌಟು ಎತ್ತಿದಳು. ಅಪ್ಪ ನಕ್ಕು ತಟ್ಟೆ ತಿರುಗಿಸಿ ನೆಟ್ಟಗಿಟ್ಟು ಮುದ್ದೆ ಹಾಕಿಸಿಕೊಂಡ.

ಕಲಿತ ವಿದ್ಯೆಯನ್ನು ನಾನು ಸುಮ್ಮನೆ ಬಿಡುವವಳಲ್ಲ. ಒಮ್ಮೆ ಹಿಂದಿನ ಚಕ್ರದ ಬಟ್ಟಲು ಮುಚ್ಚಳ ಬಿಚ್ಚಿ ಅದರೊಳಗೆ ಒಂದು ಹಿಡಿ ಹುಣಸೆ ಬೀಜ ಹಾಕಿಟ್ಟೆ. ಲಾರಿ ಹೊರಟರೆ ಜಲ್ ಜಲ್ ಜಲ್. ಅಪ್ಪ ಗಾಬರಿಯಾಗಿ ಚಾಂಪಿಯನ್ ರೀಫ್ಸ್‌ನಿಂದ ಆರ್ಮುಗಂ ಮೇಸ್ತ್ರಿಯನ್ನು ಕರೆಸಿದ. ಲಾರಿ ರಿಪೇರಿಯಲ್ಲಿ ದೊಡ್ಡ ಹೆಸರು ಅವನದು. ಅವನು ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿ, ಮೀಸೆ ತಿರುವಿಕೊಂಡು ಲಾರಿ ಓಡಿಸಿದ. ಜಲ್ ಜಲ್ ಜಲ್. ಕೊನೆಗೆ ಬೀಜ ಸಿಕ್ಕಾಗ ನನಗೆ ಬಿದ್ದ ಏಟಿನ ಸದ್ದು ಬಿಡಿ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಲಾರಿ ಕೆಮ್ಮಿದರೂ ಮೊದಲು ನನ್ನ ಜೇಬು ತಡಕುತ್ತಿದ್ದರು. ಇದು ನನಗೆ ಎಷ್ಟು ದುಬಾರಿ ಬೀಳುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಆಮೇಲೆ ನಾನು ದೊಡ್ಡವಳಾದೆ. ಕಾಮಸಮುದ್ರದಿಂದ ಅಮ್ಮನ ತಮ್ಮ, ನಮ್ಮ ನಾರಾಯಣಪ್ಪ ಮಾವ, ಹೊಂಗೆ ಸೊಪ್ಪು ತೆಂಗಿನ ಗರಿ ಹೊತ್ತು ಬಂದ. ಮೈನೆರೆದ ಹುಡುಗಿಯನ್ನು ಕೂರಿಸಲು ಗುಡ್ಲು ಕಟ್ಟುವುದು ಸೋದರಮಾವನ ಹಕ್ಕು. ಹಿತ್ತಲಿನಲ್ಲಿ ಬೇರೆ ಜಾಗವಿಲ್ಲದೆ ಲಾರಿಯ ತಗಡಿಗೆ ಒರಗಿಸಿ ಹಸಿರು ಗುಡ್ಲು ಕಟ್ಟಿದ. ಒಳಗೆ ಈಚಲು ಚಾಪೆ, ಒಂದು ಚೆಂಬು, ನಾನು. ಬಾಗಿಲಿಗೆ ಅಡ್ಡವಾಗಿ ಒನಕೆ. ಗಾಳಿ ಸೋಕದಿರಲೆಂದು ಹುಡುಗಿಯ ಕೈಗೆ ಕಬ್ಬಿಣ ಕೊಡಬೇಕು. ಎಲ್ಲರ ಮನೆಯಲ್ಲಿ ಕುಡುಗೋಲು ಕೊಡುತ್ತಾರೆ, ನಮ್ಮ ಮನೆಯಲ್ಲಿ ಸ್ಪ್ಯಾನರ್ ಕೊಟ್ಟರು. ದಿನವೂ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ. ತಿನ್ನುವುದು ಕೂರುವುದು, ಕೂರುವುದು ತಿನ್ನುವುದು. ಗಂಡಸರ ಮುಖ ನೋಡುವಂತಿಲ್ಲ, ಅಪ್ಪನದೂ ಸೇರಿ. ಬಿಸಿಲಿಗೆ ಸೊಪ್ಪು ಬಾಡಿ ಬಾಡಿ ಗುಡ್ಲು ದಿನದಿನಕ್ಕೆ ಕುಗ್ಗುತ್ತಾ ಬಂತು. ಮೊದಲು ನಿಲ್ಲಬಹುದಿತ್ತು, ಆಮೇಲೆ ಬಗ್ಗಬೇಕಾಯಿತು, ಕೊನೆಗೆ ಗರಿಯ ಕಡ್ಡಿ ನೆತ್ತಿಗೆ ಚುಚ್ಚುತ್ತಿತ್ತು. ತಗಡು ಕಾದು ಬೆನ್ನು ಸುಡುತ್ತಿತ್ತು. ಬೇಲಿಯಾಚೆ ನನ್ನ ಜೊತೆಯ ಹುಡುಗರು ಗೋಲಿ ಆಡುವ ಸದ್ದು ಕೇಳಿದರೆ ಯಾರ ಗೋಲಿ ಯಾರ ಗೋಲಿಗೆ ಬಿತ್ತೆಂದು ಹೇಳುತ್ತಿದ್ದೆ. ಕೇಳುವುದಕ್ಕೆ ಯಾರೂ ಇರಲಿಲ್ಲ.

ಇದೆಲ್ಲದರ ನಡುವೆ, ನಾನು ಗುಡ್ಲು ಹೊಕ್ಕ ಮಾರನೇ ದಿನದಿಂದಲೇ, ಲಾರಿ ಹಲ್ಲು ಕಡಿಯಲು ಶುರು ಮಾಡಿತು. ಬೆಳಿಗ್ಗೆ ಅಪ್ಪ ಇಂಜಿನ್ ಹಚ್ಚಿ ಫಸ್ಟಿಗೆ ಹಾಕಿದ ಕೂಡಲೇ ಕರ್ರ್ ಎಂದಿತು. ರಿವರ್ಸಿಗೆ ಹಾಕಿದರೆ ಇನ್ನೂ ಜೋರು. ಮೊದಲು ಕೊಂಚ, ಬರಬರುತ್ತಾ ಓಣಿಯ ನಾಯಿಗಳು ಏಳುವಷ್ಟು. ಆರ್ಮುಗಂ ಬಂದ. ಮೊದಲು ಚಕ್ರದ ಮುಚ್ಚಳ ಬಿಚ್ಚಿ ನೋಡಿದ. ಬೀಜ ಇರಲಿಲ್ಲ. ಲಾರಿಯ ಕೆಳಗೆ ತೂರಿ ಮಲಗಿ ಅಪ್ಪನಿಂದ ಗೇರ್ ಹಾಕಿಸಿ ಹಾಕಿಸಿ ಕೇಳಿದ.

"ಅಣ್ಣೇ, ಪಲ್ಲು ಪೋಚ್ಚು. ಹಲ್ಲೆಲ್ಲ ತಿಂದೋಗಿದೆ."

"ಹೊಸ್ದು ಆಕಪ್ಪ ಮತ್ತೆ."

"ಎಲ್ಲಿಂದ ತರ್ಲಿ? ಯುದ್ಧ ನಡೀತಾ ಇದೆ ಅಣ್ಣೇ, ಒಂದು ನಟ್ಟು ಸಿಗಲ್ಲ. ಗಾಡಿ ನಿಲ್ಸಿಬಿಡು. ನಡುದಾರೀಲಿ ಹಲ್ಲು ಮುರುದ್ರೆ ಬಾಕ್ಸೇ ಒಡ್ದೋಗುತ್ತೆ."

ಅಪ್ಪ ನಿಲ್ಲಿಸಲಿಲ್ಲ. ಲಾರಿ ನಿಂತರೆ ಅವನು ಗಣಿಗೆ ಇಳಿಯಬೇಕು. ಅದು ನಮ್ಮ ಮನೆಯಲ್ಲಿ ಬಾಯಿ ಬಿಟ್ಟು ಆಡುವ ಮಾತಾಗಿರಲಿಲ್ಲ. ಆದರೆ ಅಜ್ಜಿ ಬಾಯಿ ಬಿಟ್ಟಳು, ಬೇರೆ ದಿಕ್ಕಿಗೆ.

"ಹಲ್ಲೂ ಇಲ್ಲ ಮಣ್ಣೂ ಇಲ್ಲ. ಗುಡ್ಲು ಗಾಡಿಗೆ ಒರಗ್ಸಿ ಕಟ್ದಾಗ್ಲೇ ಅಂದ್ಕಂಡೆ. ಇವಳ ಮೈಲಿಗೆ ತಗಡು ದಾಟಿ ಗಾಡಿಗೆ ತಗುಲೈತೆ. ಸದ್ದು ಯಾವತ್ತಿಂದ? ಇವಳು ಕೂತ ಮಾರ್ನೇ ದಿನದಿಂದ. ಸುಳ್ಳಾ?"

ಸುಳ್ಳಲ್ಲ. ಅದೇ ನನ್ನ ಹಣೆಬರಹ. ಅಜ್ಜಿ ಲಾರಿಗೆ ಗಂಜಳ ಚಿಮುಕಿಸಿದಳು, ನಿಂಬೆಹಣ್ಣು ಕಟ್ಟಿದಳು. ಅದಕ್ಕೂ ಮೊದಲು, ನಾನು ಗುಡ್ಲು ಹೊಕ್ಕ ದಿನವೇ, ಮಗನ ಕಾಲಿಗೆ ಮೈಲಿಗೆ ತಾಕದಿರಲೆಂದು ಡ್ರೈವರ್ ಕಾಲಿಡುವ ಜಾಗಕ್ಕೆ ಕಂಬಳಿ ಹಾಸಿದ್ದಳು. ಕಂಬಳಿಗೆ ಮೈಲಿಗೆ ಇಲ್ಲ, ಯಾವಾಗಲೂ ಮಡಿ, ಅದು ಎಲ್ಲರಿಗೂ ಗೊತ್ತಿದ್ದ ಮಾತು. ಸದ್ದು ಬಂದಾಗ ಕಂಬಳಿಯನ್ನು ಇನ್ನೊಂದು ಮಡಿಕೆ ಮಡಿಸಿದಳು. ಸದ್ದು ಹೆಚ್ಚಾಯಿತು. ಅವಳು ಮತ್ತೂ ಒಂದು ಮಡಿಕೆ ಹಾಕಿದಳು. ಆರ್ಮುಗಂ ಆ ಕಂಬಳಿ ಮೇಲೆ ಕಾಲಿಡುವಂತಿರಲಿಲ್ಲ. ಅಜ್ಜಿ ಬಾಗಿಲ ಬಳಿ ಕಾವಲು ನಿಂತಿದ್ದಳು. ಹಾಗಾಗಿ ಪಾಪ ಅವನು ಪೆಡಲ್ ಒತ್ತಿ ನೋಡಲೇ ಇಲ್ಲ, ಕೆಳಗೆ ಮಲಗಿ ಕಿವಿಯಷ್ಟೇ ಕೊಟ್ಟ. ಕಿವಿಯದೇ ಪಂದ್ಯವಾದರೆ ನನ್ನ ಮುಂದೆ ಅವನು ಯಾವ ಲೆಕ್ಕ?

ನಾನು ಗುಡ್ಲಿನಲ್ಲಿ ಕೂತು, ಕಾದ ತಗಡಿಗೆ ಕಿವಿ ಹಚ್ಚಿ, ಲೆಕ್ಕ ಹಾಕಿದೆ. ಹಲ್ಲು ಸವೆದಿದ್ದರೆ ಸವೆದ ಬೀಸುವ ಕಲ್ಲಿನ ಹಾಗೆ, ಭಾರ ಬಿದ್ದಾಗ, ಏರು ಹತ್ತುವಾಗ ನರಳಬೇಕು. ಆದರೆ ದಿಮ್ಮಿ ತುಂಬಿಕೊಂಡು ರೈಲ್ವೆ ಗೇಟಿನ ಏರಿನಲ್ಲಿ ಲಾರಿ ಸೆಕೆಂಡಿನಲ್ಲಿ ಹೋಗುವಾಗ ಎಂದಿನ ಗುರುಗುಟ್ಟೇ, ಕೂದಲೆಳೆಯಷ್ಟೂ ಬೇರೆ ಇಲ್ಲ. ಇಂಜಿನ್ ನಿಲ್ಲಿಸಿ ಅಪ್ಪ ಗೇರ್ ಹಾಕಿದರೆ ಸದ್ದೇ ಇಲ್ಲದೆ ಬೀಳುತ್ತದೆ. ಇಂಜಿನ್ ಓಡುವಾಗ, ಗೇರ್ ಸೇರುವ ಗಳಿಗೆಯಲ್ಲಿ ಮಾತ್ರ ಕರ್ರ್. ಅಂದರೆ ರೋಗ ಹಲ್ಲಿನದಲ್ಲ. ಬಿಡಬೇಕಾದ ತಟ್ಟೆ ಬಿಡುತ್ತಿಲ್ಲ. ಯಾಕೆ ಬಿಡುತ್ತಿಲ್ಲ? ಆಗ ಹೊಳೆಯಿತು, ಒಂದು ಸದ್ದು ಕಾಣೆಯಾಗಿದೆ. ಅಪ್ಪ ಪೆಡಲ್ ತುಳಿದಾಗ ಅದು ಕೆಳಗಿನ ಹಲಗೆಗೆ ಬಡಿದು ಠಕ್ ಎನ್ನುತ್ತಿತ್ತು, ಹುಟ್ಟಿದಾಗಿನಿಂದ ಕೇಳಿದ ಠಕ್. ಈಗ ಧಬ್ ಎನ್ನುತ್ತಿದೆ. ಕಂಬಳಿ! ಪೆಡಲ್ ಪೂರ್ತಿ ಕೆಳಗೆ ಹೋಗುತ್ತಿಲ್ಲ. ಅಜ್ಜಿ ಮಡಿಕೆ ಏರಿಸಿದಷ್ಟೂ ಪೆಡಲ್ ಮೇಲೇ ನಿಲ್ಲುತ್ತಿದೆ. ದಿನಕ್ಕಿಷ್ಟು ಹೆಚ್ಚಿದ್ದರಿಂದ ಅಪ್ಪನ ಕಾಲಿಗೆ ಗೊತ್ತಾಗಿಲ್ಲ.

ನಾನು ಗುಡ್ಲಿನೊಳಗಿಂದಲೇ ಕೂಗಿದೆ.

"ಅಪ್ಪೋ! ಕಂಬಳಿ ತೆಗಿ! ಪೆಡಲ್ ಕೆಳಗೆ ಕಂಬಳಿ ಐತೆ, ಅದುಕ್ಕೇ ಸದ್ದು!"

"ಕೇಳಿಸ್ಕಂಡ್ಯಾ? ಮಡಿ ಕಂಬಳಿ ತೆಗ್ಸಕ್ಕೆ ನೋಡ್ತಾವ್ಳೆ! ಒಳಗೆ ಸೇರ್ಕಂಡಿರೋದು ಇವಳಲ್ಲ, ಇವಳ ಬಾಯಲ್ಲಿ ಯಾವುದೋ ಗಾಳಿ ಮಾತಾಡ್ತೈತೆ," ಎಂದಳು ಅಜ್ಜಿ.

ಅಪ್ಪ ತಗಡಿನ ಆಚೆ ನಗುವುದು ಕೇಳಿಸಿತು, ಸುಸ್ತಾದ ನಗು.

"ಈ ಸಲ ಹುಣಸೆ ಬೀಜ ಕಂಬಳಿಯೊಳಗೆ ಇಟ್ಟಿದ್ದೀಯೇನಮ್ಮಿ? ಸುಮ್ಕೆ ಕೂತ್ಕ."

ನಾನು ತಗಡು ಬಡಿದೆ. ಅಳು ಬಂತು. ನಿಜ ಹೇಳಿದರೂ ಹೊರಗೆ ಹೋಗದ ಜಾಗ ಅದು. ಸದ್ದು ಒಳಗೆ ಬರುತ್ತಿತ್ತು, ನನ್ನ ಮಾತು ಮಾತ್ರ ಆ ಸೊಪ್ಪು ದಾಟುತ್ತಿರಲಿಲ್ಲ.

ಕೊನೆಗೊಂದು ದಿನ ಮಾವ ಗುಡ್ಲು ಕಿತ್ತು ಊರಾಚೆ ಸುಟ್ಟ. ನನಗೆ ನೀರೆರೆದು, ರಾಬರ್ಟ್‌ಸನ್‌ಪೇಟೆಯಿಂದ ತಂದ ಹಸಿರು ಸೀರೆ ಉಡಿಸಿ, ಆರತಿ ಎತ್ತಿದರು. ಬಿಟ್ಟರಪ್ಪಾ ಎಂದು ನಾನು ನೆಟ್ಟಗೆ ಲಾರಿಯ ಕಡೆ ಹೊರಟೆ. ಅಮ್ಮ ಸೆರಗು ಹಿಡಿದು ಎಳೆದಳು. ಸೀರೆ ಉಟ್ಟ ಹೆಣ್ಣು ಜಗುಲಿ ದಾಟುವಂತಿಲ್ಲವಂತೆ. ಗುಡ್ಲು ಸುಟ್ಟಿದ್ದರು, ಅದರ ಬದಲು ಕಲ್ಲಿನ ಮನೆ ಕೊಟ್ಟಿದ್ದರು. ಅಡುಗೆಮನೆ ಕಿಟಕಿಗೆ ಗೋಣಿತಟ್ಟು ಬಂತು. ಒಲೆಯ ಹೊಗೆಗೆ ಹೋಗಲು ದಾರಿ ಇತ್ತು, ನನಗಿರಲಿಲ್ಲ. ಕಂಬಳಿ ಲಾರಿಯಲ್ಲೇ ಉಳಿಯಿತು, ಯಾಕೆಂದರೆ ಸದ್ದು ಉಳಿದಿತ್ತು. ಸದ್ದು ಉಳಿದಿತ್ತು, ಯಾಕೆಂದರೆ ಕಂಬಳಿ ಉಳಿದಿತ್ತು. ಇದನ್ನು ಯೋಚಿಸುತ್ತಾ ರೊಟ್ಟಿ ತಟ್ಟಿದರೆ ಎಂಥವರಿಗೂ ಹುಚ್ಚು ಹಿಡಿಯುತ್ತದೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜಿ ತೀರ್ಪು ಹೇಳಿದಳು.

"ಮೈಲಿಗೆ ಗಾಡೀಲಿ ನೆಟ್ಕಂಡೈತೆ. ಇವಳು ಈ ಸೂರಿನ ಕೆಳಗೆ ಇರೋಗಂಟ ಓಗಲ್ಲ. ಇವಳ ಮಾವ ಎಂಗಿದ್ರೂ ಇನ್ನೂ ಮದ್ವೆಯಾಗಿಲ್ಲ. ಕಾಮಸಮುದ್ರಕ್ಕೆ ಬಿಟ್ಬಿಡು. ಒಳ್ಳೆ ದಿನ ನೋಡಿ ತಾಳಿ ಕಟ್ತಾನೆ."

ಅಪ್ಪ ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದ. ಅಮ್ಮ, "ಅವನಿಗೂ ಇವಳಿಗೂ ವಯಸ್ಸು..." ಎಂದು ಅಲ್ಲಿಗೇ ನಿಲ್ಲಿಸಿದಳು. ಮಾವ ಕೆಟ್ಟವನಲ್ಲ. ಆಡು ಮೇಯಿಸುತ್ತಿದ್ದ, ಮಾತು ಕಡಿಮೆ. ಆದರೆ ಅವನ ಮನೆ ಒಂದೇ ಕೋಣೆ, ಕಿಟಕಿಯೇ ಇಲ್ಲ, ಗಾಡಿಯ ಸದ್ದು ತಿಂಗಳಿಗೊಮ್ಮೆ ಕೇಳಿದರೆ ಹೆಚ್ಚು. ಅಲ್ಲಿ ಒಳಗೆ ಹೋದರೆ ನನ್ನನ್ನು ಯಾರೂ ಹೊರಗೆ ತರುವುದಿಲ್ಲ ಎಂದು ನನಗೆ ಗೊತ್ತಾಯಿತು.

"ಗಾಡಿ ಸದ್ದು ಹೋದ್ರೆ?" ಎಂದು ಒಳಗಿನಿಂದ ಕೇಳಿದೆ.

"ಸದ್ದು ಹೋದ್ರೆ ನಿನ್ನ ಯಾಕಮ್ಮ ಕಳುಸ್ಲಿ? ನನಗೇನು ಮೊಮ್ಮಗಳು ಬ್ಯಾಡ್ವಾ?" ಎಂದಳು ಅಜ್ಜಿ. ಅವಳಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದು ತಿಳಿಯಬೇಡಿ, ಇತ್ತು. ಅದಕ್ಕೇ ತಪ್ಪಿಸಿಕೊಳ್ಳುವುದು ಕಷ್ಟವಾಗಿತ್ತು.

ಹೊರಡುವ ಬೆಳಿಗ್ಗೆ ಲಾರಿಯ ಬಾಗಿಲಿಗೆ ಹಳೇ ಸೀರೆ ಕಟ್ಟಿ ಪರದೆ ಮಾಡಿದರು. ಬಾಗಿಲ ಕಡೆ ನಾನು, ನಡುವೆ ಅಜ್ಜಿ, ಆಚೆ ಅಪ್ಪ. ಮುಂದಿನ ಗಾಜಿನಲ್ಲಿ ನಾನು ರಸ್ತೆ ನೋಡದಂತೆ ಅಜ್ಜಿ ನನ್ನ ಸೆರಗನ್ನು ಗಲ್ಲದವರೆಗೂ ಎಳೆದಳು. ಕಾಲ ಬಳಿ ಬಟ್ಟೆ ಗಂಟು. ಅಪ್ಪ ಪೆಡಲ್ ತುಳಿದ, ಧಬ್. ಗೇರ್ ಹಾಕಿದ, ಕರ್ರ್ರ್. ಅಜ್ಜಿ ನನ್ನ ಕಡೆ ನೋಡಿ ನಿಟ್ಟುಸಿರಿಟ್ಟಳು. ರೈಲ್ವೆ ಗೇಟು ಹಿಂದಾಯಿತು. ಹಸಿರು ಬಟ್ಟೆಯೊಳಗಿನ ಬೆಳಕು ಆ ಗುಡ್ಲಿನ ಬೆಳಕಿನ ಹಾಗೇ ಇತ್ತು, ಗುಡ್ಲಿಗೇ ಚಕ್ರ ಕಟ್ಟಿ ಎಳೆದೊಯ್ಯುತ್ತಿದ್ದಾರೆ ಅನ್ನಿಸಿತು. ಒಂದೊಂದು ಗೇರಿಗೂ ಕರ್ರ್, ಒಂದೊಂದು ಕರ್ರ್‌ಗೂ ಕಾಮಸಮುದ್ರ ಹತ್ತಿರ. ನಿಜ ಹೇಳಿ ನೋಡಿಯಾಗಿತ್ತು, ಅತ್ತು ನೋಡಿಯಾಗಿತ್ತು. ಉಳಿದಿದ್ದು ನನ್ನ ಕುಲಕಸುಬು, ಹುಣಸೆ ಬೀಜದ ಕಿತಾಪತಿ.

"ಅಜ್ಜೀ," ಎಂದೆ, ಧ್ವನಿ ಸಣ್ಣದು ಮಾಡಿ.

"ಏನೇ?"

"ನಾನು ಹೊರಗಾದೆ."

ಅಜ್ಜಿ ಕೂತಲ್ಲೇ ಅರ್ಧ ಮೊಳ ಎಗರಿದಳು.

"ಅಯ್ಯೋ ದೇವುಡಾ! ಈಗ್ಲಾ? ಇಲ್ಲೇನಾ? ನಿಲ್ಸೋ ಗಾಡಿ! ಕುಂಕುಮ ಇಟ್ಟಿರೋ ಗಾಡಿ, ಸೀಟಿನ ತುಂಬ ನಾರು, ತೊಳೆಯೋದೆಂಗೆ?"

"ಇಳಿದು ನಡೀಲಾ ಅಜ್ಜಿ?"

"ರಸ್ತೇಲಿ ನಡೀತಾಳಂತೆ! ಎದ್ದೇಳೇ, ಮೇಲಕ್ಕೇಳು!"

ಅಪ್ಪ ಇಂಜಿನ್ ಆರಿಸದೆ ಗಾಡಿ ನಿಲ್ಲಿಸಿದ. ಹಾಸಲು ಮಡಿಯಾದದ್ದು ಆ ಲಾರಿಯಲ್ಲಿ ಒಂದೇ ಇತ್ತು. ಅಜ್ಜಿ ಬಗ್ಗಿ ಮಗನ ಕಾಲ ಕೆಳಗಿನಿಂದ ಕಂಬಳಿಯನ್ನು ಸರ್ರನೆ ಎಳೆದು, ಕೊಡವಿ, ನನ್ನ ಕೆಳಗೆ ತುರುಕಿದಳು. ನನ್ನನ್ನು ಮುಟ್ಟದ ಹಾಗೆ ಅಪ್ಪನಿಗೆ ಒತ್ತಿಕೊಂಡು ಕೂತು ಅಪ್ಪಣೆ ಕೊಟ್ಟಳು.

"ಈ ಗಳಿಗೇಲಿ ಗಂಡನ ಮನೆ ಒಸ್ಲು ತುಳಿಯಂಗಿಲ್ಲ. ತಿರುಗ್ಸು ಮನೆಗೆ."

ಅಪ್ಪ ಪೆಡಲ್ ತುಳಿದ. ಠಕ್. ರಿವರ್ಸಿಗೆ ಹಾಕಿದ. ಏನಿಲ್ಲ. ಫಸ್ಟಿಗೆ ಹಾಕಿದ, ಸೆಕೆಂಡಿಗೆ ಹಾಕಿದ, ಏನೂ ಇಲ್ಲ. ಲಾರಿ ಮದುಮಗಳ ಹಾಗೆ ಬಾಯಿ ಮುಚ್ಚಿಕೊಂಡು ಹೊರಟಿತು. ಅಪ್ಪ ಒಮ್ಮೆ ತನ್ನ ಕಾಲ ಕೆಳಗಿನ ಬರಿ ಹಲಗೆ ನೋಡಿದ, ಒಮ್ಮೆ ನಾನು ಕೂತ ಕಂಬಳಿ ನೋಡಿದ. ಸೆರಗಿನ ಸಂದಿಯಿಂದ ನಾನು ಅವನನ್ನೇ ನೋಡುತ್ತಿದ್ದೆ.

"ಅವ್ವ, ಸದ್ದು ನಿಂತೋಯ್ತಲ್ಲ," ಎಂದ.

"ಊಂ?"

"ಮೈಲಿಗೆ ತಗಡಿನಾಚೆ ಇದ್ದಾಗ ಸದ್ದು ಬತ್ತಿತ್ತು. ಈಗ ಸೀಟಿನ ಮೇಲೇ ಕೂತೈತೆ. ಸದ್ದಿಲ್ಲ. ಇದೆಂಗವ್ವ?"

ಅಜ್ಜಿ ಬಗ್ಗಿ ನನ್ನ ಕೆಳಗಿನ ಕಂಬಳಿ ನೋಡಿದಳು.

"ಕಂಬಳಿ ಮಹಿಮೆ. ಎಲ್ಲಾನೂ ಈರ್ಕಂಡೈತೆ. ಇನ್ಮೇಲೆ ಕಂಬಳಿ ಅವಳ ಹತ್ರಾನೇ ಇರ್ಲಿ, ಗಾಡೀಗೆ ಬ್ಯಾಡ. ಹುಡುಗಿ ಎಲ್ಲೂ ಓಗೋದೂ ಬ್ಯಾಡ."

ಅಪ್ಪ ಸ್ಟೇರಿಂಗಿನ ಮೇಲೆ ಬಗ್ಗಿ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನ್ನಂಥ ಕಿವಿಗೆ ಗೊತ್ತು. ನಾನು ಗೆದ್ದಿದ್ದೆ. ಹಾಡಿಕೊಳ್ಳಬೇಕು ಅನ್ನಿಸಿತು. ಆದರೆ ರೈಲ್ವೆ ಗೇಟು ಮತ್ತೆ ಬಂತು, ಏರಿಗೆ ಲಾರಿ ಸೆಕೆಂಡಿಗೆ ಇಳಿಯಿತು, ಅಮ್ಮ ಎಸರಿಡಲು ಏಳುತ್ತಿರುತ್ತಾಳೆ ಎಂದುಕೊಂಡೆ. ಎಸರಿನ ಹಿಂದೆ ಆ ಒಲೆ, ಆ ಹೊಗೆ, ಗೋಣಿತಟ್ಟು. ಗೆದ್ದವಳಿಗೆ ಇನಾಮು ಅದೇ. ಲಾರಿ ನಮ್ಮ ಓಣಿಯ ತಿರುವಿಗೆ ಬಂದು ನಿಧಾನವಾಯಿತು. ಅಪ್ಪ ನನ್ನ ಕಡೆ ತಿರುಗದೆ ಕೇಳಿದ.

"ಏನಮ್ಮಿ, ಗಾಡಿ ಸರಿಯಾಯ್ತಾ? ನಿನ್ನ ಕಿವಿ ಏನಂತೈತೆ?"

"ಇಲ್ಲಪ್ಪ," ಎಂದೆ. "ಒಂಚೂರು ಐತೆ. ನಿನಗೆ ಕೇಳ್ಸಲ್ಲ. ಇನ್ನೂ ಒಸಿ ದೂರ ಓಡ್ಸುದ್ರೆ ಗೊತ್ತಾಗ್ತೈತೆ."

"ಎಷ್ಟು ದೂರ?"

"ಚಾಂಪಿಯನ್ ರೀಫ್ಸ್ ಗಂಟ."

"ಯಾವ ಸದ್ದೂ ಇಲ್ಲ, ತಿರುಗ್ಸೋ! ಮನೆ ದಾಟ್ತಾ ಐತೆ ಕಣ್ಲಾ!" ಅಜ್ಜಿ ಕೂಗಿದಳು.

"ಇರವ್ವ, ಅವಳಿಗೆ ಕೇಳಿಸ್ತಾ ಐತಂತೆ," ಎಂದು ಅಪ್ಪ ಪೆಡಲ್ ತುಳಿದು ಲಾರಿಯನ್ನು ಟಾಪ್ ಗೇರಿಗೆ ಹಾಕಿದ.